ವಿಡಿಯೊ ನಿಲ್ಲದೆ ಓಡುತ್ತದೆ, ಕಲಿಕೆ ಯಾಕೆ ನಿಲ್ಲುತ್ತದೆ?

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ಬೇಸರವೂ ಇದೆ, ತಮಾಷೆಯೂ ಇದೆ. ಸಂಖ್ಯಾಶಾಸ್ತ್ರ ಕಲಿಯಬೇಕೆಂದು ಆನ್‌ಲೈನ್ ಕೋರ್ಸ್‌ಗಳಿಗೆ ಸೇರುತ್ತಲೇ ಇದ್ದೀರಿ, ಒಂದೂ ಮುಗಿದಿಲ್ಲ. ‘5ಜಿ ಬಂತು, ಎಐ ಟ್ಯೂಟರ್ ಬಂತು, ಕನ್ನಡಕ ಹಾಕಿಕೊಂಡು ನೋಡುವ ವಿಆರ್ ಬಂತು. ಇವುಗಳಿಂದ ನನ್ನಂಥ ಸೋಮಾರಿಗೂ ಪಾಠ ತಲೆಗೆ ಹತ್ತುತ್ತದಾ, ಇಲ್ಲಾ ಎಲ್ಲವೂ ಜಾಹೀರಾತಾ?’ ಎಂದು ಕೇಳಿದ್ದೀರಿ. ಅರ್ಧಕ್ಕೆ ಬಿಟ್ಟ ಕೋರ್ಸನ್ನು ಮತ್ತೆ ಮೊದಲಿನಿಂದ ನೋಡಬೇಕಾ ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ.

ಸೋಮಾರಿ ಅನ್ನುವ ಮಾತು ಬಿಟ್ಟುಬಿಡಿ. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ತಮ್ಮ ಎಐ ಕೋರ್ಸನ್ನು ಎಲ್ಲರಿಗೂ ಉಚಿತವಾಗಿ ತೆರೆದಾಗ ಸುಮಾರು 1.6 ಲಕ್ಷ ಜನ ಸೇರಿದರು. ಕೊನೆವರೆಗೆ ಉಳಿದವರು 20 ಸಾವಿರದ ಆಸುಪಾಸು. ಮರುವರ್ಷವೇ ಕೋರ್ಸೆರಾ, ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ತಾಣಗಳು ಶುರುವಾದವು. ಹಾರ್ವರ್ಡ್ ಮತ್ತು ಎಂಐಟಿ ಎಡ್‌ಎಕ್ಸ್‌ನಲ್ಲಿ ನಡೆಸಿದ ಕೋರ್ಸ್‌ಗಳ ಲೆಕ್ಕ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. 2017–18ರಲ್ಲಿ ಸೇರಿದವರ ಪೈಕಿ ಮುಗಿಸಿದವರು ನೂರಕ್ಕೆ ಸುಮಾರು ಮೂವರು! ಸುಮ್ನೆ ಇಣುಕಿ ನೋಡಲು ಬಂದವರೂ ಆ ಲೆಕ್ಕದಲ್ಲಿದ್ದಾರೆ ಅನ್ನಿ. ಆದರೆ ಸರ್ಟಿಫಿಕೇಟ್‌ಗೆ ದುಡ್ಡು ಕಟ್ಟಿದವರಲ್ಲೂ ಮುಗಿಸಿದವರು ಶೇ 46 ಮಾತ್ರ. 2011ಕ್ಕೆ ಹೋಲಿಸಿದರೆ ಅಷ್ಟು ಹೊತ್ತಿಗೆ ಇಂಟರ್ನೆಟ್ ಎಷ್ಟೋ ವೇಗವಾಗಿತ್ತು. ಮುಗಿಸುವವರು ಮಾತ್ರ ಜಾಸ್ತಿ ಆಗಲಿಲ್ಲ.

ಹಾಗಂತ ಹೊಸ ತಂತ್ರಜ್ಞಾನವೆಲ್ಲ ಬರೀ ಗದ್ದಲ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಕೆಲಸ ಕಣ್ಣಿಗೆ ಕಾಣದ ಕಡೆ ಆಗಿದೆ. ವಿಡಿಯೊ ಪಾಠವನ್ನು ಈಗ ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಬೇರೆಬೇರೆ ಗುಣಮಟ್ಟದಲ್ಲಿ ಇಟ್ಟಿರುತ್ತಾರೆ. ಸಿಗ್ನಲ್ ಕುಸಿದರೆ ಪ್ಲೇಯರ್ ಮುಂದಿನ ತುಂಡನ್ನು ಕಡಿಮೆ ಗುಣಮಟ್ಟದಲ್ಲಿ ತರಿಸಿಕೊಳ್ಳುತ್ತದೆ. ಚಿತ್ರ ಮಸುಕಾಗುತ್ತದೆ, ಪಾಠ ನಿಲ್ಲುವುದಿಲ್ಲ.

ಇಂಟರ್ನೆಟ್‌ನಲ್ಲಿ ಮಾಹಿತಿ ಹೇಗೆ ಸಾಗಬೇಕು ಅನ್ನುವ ನಿಯಮಾವಳಿಗೆ ಪ್ರೋಟೊಕಾಲ್ ಅನ್ನುತ್ತಾರೆ. 2021ರಲ್ಲಿ ‘ಕ್ವಿಕ್’ ಎಂಬ ಪ್ರೋಟೊಕಾಲ್‌ ಅಧಿಕೃತ ಮಾನದಂಡವಾಯಿತು. ನನ್ನ ಮಟ್ಟಿಗೆ ಅದು 5ಜಿ ಜಾಹೀರಾತುಗಳಿಗಿಂತ ದೊಡ್ಡ ಸುದ್ದಿ. ಟಿಸಿಪಿ ಎಂಬ ಹಳೆಯ ಪ್ರೋಟೊಕಾಲಿನಲ್ಲಿ ಒಂದು ಪ್ಯಾಕೆಟ್ (ಮಾಹಿತಿಯ ಸಣ್ಣ ತುಣುಕು) ಕಳೆದುಹೋದರೆ ಅದರ ಹಿಂದೆ ಇರುವವೆಲ್ಲ ಕಾಯಬೇಕು. ಕ್ವಿಕ್‌ನಲ್ಲಿ ಮಾಹಿತಿ ಹಲವು ಸಾಲುಗಳಲ್ಲಿ ಬರುತ್ತದೆ, ಕಳೆದುಹೋದ ಪ್ಯಾಕೆಟ್ ಯಾವ ಸಾಲಿನದೋ ಆ ಸಾಲು ಮಾತ್ರ ಕಾಯುತ್ತದೆ. ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಹೋದರೂ ಸಂಪರ್ಕ ಕಡಿಯದ ಹಾಗೆ ಅದನ್ನು ರೂಪಿಸಿದ್ದಾರೆ.

ಉಪಗ್ರಹದ ಮೂಲಕ ಬರುವ ಇಂಟರ್ನೆಟ್ಟಿನ ಕಥೆ ಇನ್ನೂ ಚೆನ್ನಾಗಿದೆ. ಹಳೆಯ ವ್ಯವಸ್ಥೆಯಲ್ಲಿ ಸಿಗ್ನಲ್ 35,786 ಕಿ.ಮೀ. ಮೇಲೆ ಹೋಗಿ ಇಳಿಯಬೇಕು. ಪ್ರಶ್ನೆ ಹೋಗಿ ಉತ್ತರ ಬರಲು ಪ್ರಯಾಣಕ್ಕೇ ಅರ್ಧ ಸೆಕೆಂಡ್ ಹತ್ತಿರ ಹಿಡಿಯುತ್ತದೆ. ಲೈವ್ ಕ್ಲಾಸಿನಲ್ಲಿ ಮೇಷ್ಟ್ರೂ ವಿದ್ಯಾರ್ಥಿಯೂ ಒಟ್ಟಿಗೆ ಮಾತು ಶುರು ಮಾಡುತ್ತಾರೆ, ಒಟ್ಟಿಗೆ ಸುಮ್ಮನಾಗುತ್ತಾರೆ. ಈಗ 550 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಬಂದಿವೆ. ಕೇಬಲ್ ತಲುಪದ ಕಡೆಯೂ ಮಾತುಕತೆ ಮಾತುಕತೆಯ ಹಾಗೆ ನಡೆಯುತ್ತದೆ.

ಇವೆಲ್ಲ ಪಾಠವನ್ನು ನಿಮ್ಮ ತನಕ ತಂದುಕೊಡುತ್ತವೆ, ಅಷ್ಟೇ. ತಡೆಯಿಲ್ಲದೆ ಓಡುವ ವಿಡಿಯೊ ನೋಡುವಾಗ ಎಲ್ಲಾ ಅರ್ಥವಾಯಿತು ಅನ್ನಿಸುತ್ತದೆ, ಅಲ್ವಾ? ಮೋಸ ಇರುವುದೇ ಅಲ್ಲಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಕೆಲವರಿಗೆ ಒಂದು ಬರಹವನ್ನು ಮತ್ತೆ ಓದಿಸಿದರು. ಉಳಿದವರಿಗೆ ಓದಿದ್ದನ್ನು ನೆನಪಿನಿಂದ ಬರೆಯಿರಿ ಅಂದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ವಾರ ಬಿಟ್ಟು ಕೇಳಿದಾಗ ಬರೆದವರು ಮುಂದಿದ್ದರು. ಆದ್ದರಿಂದ ಯಾವುದೇ ಹೊಸ ತಂತ್ರಜ್ಞಾನ ಬಂದಾಗ ನಾನು ಕೇಳುವುದು ಒಂದೇ: ಇದು ನನ್ನಿಂದ ಉತ್ತರ ಹೊರಡಿಸುತ್ತದಾ, ಇಲ್ಲಾ ನನ್ನ ಬದಲು ತಾನೇ ಉತ್ತರಿಸುತ್ತದಾ?

ಎಐ ಟ್ಯೂಟರ್ ಎರಡನ್ನೂ ಮಾಡಬಲ್ಲದು. ಟರ್ಕಿಯ ಹೈಸ್ಕೂಲಿನ ಸುಮಾರು ಸಾವಿರ ವಿದ್ಯಾರ್ಥಿಗಳ ಗಣಿತ ತರಗತಿಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಕೆಲವರಿಗೆ ಚಾಟ್‌ಜಿಪಿಟಿ ತರಹದ್ದೇ ಒಂದು ಸಾಧನ ಕೊಟ್ಟರು. ಅಭ್ಯಾಸದ ಲೆಕ್ಕಗಳಲ್ಲಿ ಅವರ ಅಂಕ ಶೇ 48ರಷ್ಟು ಏರಿತು. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಎಐ ಮುಟ್ಟದೇ ಇದ್ದವರಿಗಿಂತ ಶೇ 17 ಕಡಿಮೆ ಬಂತು. ಇನ್ನೊಂದು ಗುಂಪಿಗೆ ಅದೇ ಎಐ. ಆದರೆ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವ ಹಾಗೆ, ಶಿಕ್ಷಕರ ಸಲಹೆ ಸೇರಿಸಿ ಹೊಂದಿಸಿದ್ದರು. ಅವರು ಅಭ್ಯಾಸದಲ್ಲಿ ಇನ್ನೂ ಮುಂದೆ ಹೋದರು, ಪರೀಕ್ಷೆಯಲ್ಲಿ ಆ ಕುಸಿತ ಕಾಣಲಿಲ್ಲ. ಹಾಗಂತ ಎಐ ಇಲ್ಲದವರನ್ನು ಮೀರಿಸಿದರು ಅಂತಲೂ ಅಲ್ಲ. ಜಾಹೀರಾತಿನವರು ಈ ಕೊನೆಯ ಸಾಲನ್ನು ಹೇಳುವುದಿಲ್ಲ.

ವಿಆರ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ವಿಮಾನ ಓಡಿಸುವುದು, ಶಸ್ತ್ರಚಿಕಿತ್ಸೆ ಮಾಡುವುದು, ಹೀಗೆ ತಪ್ಪಿದರೆ ಅಪಾಯ ಇರುವ ಕೆಲಸಕ್ಕೆ ಅದು ಸರಿ. ನೀವು ಕಲಿಯಲು ಹೊರಟಿರುವುದು ಸಂಖ್ಯಾಶಾಸ್ತ್ರ. ಕನ್ನಡಕಕ್ಕೆ ದುಡ್ಡು ಹಾಕಬೇಡಿ.

ಹೊಸ ಕೋರ್ಸಿಗೆ ಸೇರುವ ಮುಂಚೆ ಮೊದಲ ಪಾಠವನ್ನು ಉಚಿತವಾಗಿ ನೋಡಲು ಸಿಗುತ್ತದಾ ವಿಚಾರಿಸಿ. ಸಿಕ್ಕರೆ, ಎಷ್ಟು ನಿಮಿಷಕ್ಕೆ ನಿಮಗೊಂದು ಪ್ರಶ್ನೆ ಕೇಳುತ್ತಾರೆ ಗಮನಿಸಿ. ಅರ್ಧ ಗಂಟೆಯಾದರೂ ಕೇಳದಿದ್ದರೆ ಅಲ್ಲಿಗೇ ಬಿಡಿ. ನಿಮ್ಮ ಅಸೈನ್‌ಮೆಂಟನ್ನು ಯಾರಾದರೂ ಮನುಷ್ಯರು ನೋಡುತ್ತಾರಾ, ಕೊಡಲು ಕೊನೆ ದಿನ ಅಂತ ಇದೆಯಾ, ಇವನ್ನೂ ಕೇಳಿ. ಎಐ ಬಳಸುವುದಾದರೆ ಮೊದಲೇ ‘ಉತ್ತರ ಹೇಳಬೇಡ, ನಾನು ಎಲ್ಲಿ ತಪ್ಪಿದೆ ಅಂತ ಮಾತ್ರ ಹೇಳು’ ಎಂದು ಬರೆದುಬಿಡಿ.

ಇನ್ನು ಅರ್ಧಕ್ಕೆ ಬಿಟ್ಟ ಕೋರ್ಸು. ಮೊದಲಿನಿಂದ ನೋಡಬೇಡಿ. ನೇರವಾಗಿ ಮೊದಲ ವಾರದ ಕ್ವಿಜ್ ತೆಗೆದು, ವಿಡಿಯೊ ನೋಡದೆ ಉತ್ತರ ಬರೆಯಿರಿ. ಯಾವ ಪ್ರಶ್ನೆ ತಪ್ಪಿತೋ ಅದಕ್ಕೆ ಸಂಬಂಧಿಸಿದ ವಿಡಿಯೊ ಮಾತ್ರ ನೋಡಿ. ಎರಡು ದಿನ ಬಿಟ್ಟು ಅದೇ ಪ್ರಶ್ನೆಗೆ ಮತ್ತೆ ಉತ್ತರಿಸಿ. ಎಷ್ಟು ಪಾಠ ಬಿಟ್ಟು ಮುಂದೆ ಹೋಗಬಹುದು ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ.

– ಸಂಪಾದಕ