ಪಂದ್ಯ ಮುಗಿಯಿತು, ಕಾಲು ಯಾವಾಗ ಹಗುರಾಗುತ್ತದೆ?

ಮಹಿಳಾ ಫುಟ್‌ಬಾಲ್ ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆವು. ಗೋಲು, ತಂತ್ರ, ತಾರೆಯರ ಬಗ್ಗೆ ಪತ್ರ ಬರುತ್ತವೆ ಅಂದುಕೊಂಡರೆ, ಬಂದಿದ್ದರಲ್ಲಿ ಮುಕ್ಕಾಲು ಪಾಲು ಸುಸ್ತಿನ ಮಾತೇ. ಸರಿ, ಈ ಸಲ ಪೂರ್ತಿ ಅದೇ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಾನು ಮಿಡ್‌ಫೀಲ್ಡ್‌ನಲ್ಲಿ ಆಡುತ್ತೇನೆ. ಪಂದ್ಯದ ಮರುದಿನ ಹೇಗೋ ನಡೆದುಹೋಗುತ್ತದೆ. ಅದರ ಮಾರನೇ ದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುತ್ತದೆ. ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ ಅಂತಾರೆ. ನಿಜವಾ? ಪೂರ್ತಿ ಸರಿಹೋಗಲು ಎಷ್ಟು ದಿನ ಬೇಕು?

ಉತ್ತರ: ಲ್ಯಾಕ್ಟಿಕ್ ಆಸಿಡ್ ಪಾಪ, ಸುಮ್ನೆ ಬೈಸಿಕೊಳ್ಳುತ್ತದೆ. ಆಟದಲ್ಲಿ ಏರಿದ ಲ್ಯಾಕ್ಟೇಟ್ ಆಟ ನಿಂತ ಒಂದೆರಡು ಗಂಟೆಯೊಳಗೆ ಮಾಮೂಲಿ ಮಟ್ಟಕ್ಕೆ ಇಳಿದಿರುತ್ತದೆ. ಎರಡು ದಿನ ಬಿಟ್ಟು ಬರುವ ನೋವಿಗೂ ಅದಕ್ಕೂ ಸಂಬಂಧ ಇಲ್ಲ.

ಕಾರಣ ಬೇರೆ. ಒಳ್ಳೆಯ ಮಟ್ಟದ ಪಂದ್ಯದಲ್ಲಿ ಆಟಗಾರ್ತಿಯೊಬ್ಬಳು ಸುಮಾರು 10 ಕಿಲೋಮೀಟರ್ ಓಡುತ್ತಾಳೆ. ದೂರವೇ ಆದರೆ ಅಷ್ಟು ತೊಂದರೆ ಇರಲಿಲ್ಲ. ಜೋರಾಗಿ ಓಡಿ ಗಕ್ಕನೆ ನಿಲ್ಲುವುದು, ತಿರುಗುವುದು, ಹೆಡ್ ಮಾಡಿ ಕೆಳಗಿಳಿಯುವುದು, ಇವುಗಳಲ್ಲಿ ಸ್ನಾಯು ಉದ್ದವಾಗುತ್ತಾ ಇರುವಾಗಲೇ ಬಲ ಹಾಕಬೇಕಾಗುತ್ತದೆ, ಆಗಲೇ ಅದರ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುವುದು. ಆಮೇಲೆ ದೇಹ ರಿಪೇರಿಗೆ ಇಳಿಯುತ್ತದೆ, ಊತ ಬರುತ್ತದೆ, 24ರಿಂದ 72 ಗಂಟೆಯೊಳಗೆ ನೋವು ತುತ್ತತುದಿಗೆ ಹೋಗುತ್ತದೆ. ಮೆಟ್ಟಿಲು ಹತ್ತುವಾಗ ಬಾರದ ನೋವು ಇಳಿಯುವಾಗ ಬರುವುದೂ ಇದಕ್ಕೇ, ಇಳಿಯುವುದೆಂದರೆ ಬ್ರೇಕ್ ಹಾಕುವ ಕೆಲಸ.

ಎಷ್ಟು ದಿನ ಅನ್ನುವುದಕ್ಕೆ ನನಗೆ ಇಷ್ಟವಾದ ಒಂದು ಅಧ್ಯಯನವಿದೆ. 2008ರಲ್ಲಿ ಪ್ರಕಟವಾದದ್ದು. ಉನ್ನತ ಮಟ್ಟದ 17 ಆಟಗಾರ್ತಿಯರಿಂದ 72 ಗಂಟೆ ಅಂತರದಲ್ಲಿ ಎರಡು ಪಂದ್ಯ ಆಡಿಸಿ, ನಡುವೆ ಮತ್ತೆ ಮತ್ತೆ ಅಳೆದರು. ಸ್ಪ್ರಿಂಟ್ ವೇಗ 5 ಗಂಟೆಯಲ್ಲೇ ವಾಪಸ್ ಬಂತು. ಮಂಡಿ ಚಾಚುವ ಬಲಕ್ಕೆ 27 ಗಂಟೆ ಬೇಕಾಯಿತು. ಮಂಡಿ ಮಡಚುವ ಬಲಕ್ಕೆ, ಅಂದರೆ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿಗೆ, 51 ಗಂಟೆ. ನೋವು ಇಳಿಯಲು 69 ಗಂಟೆ. ನಿಂತಲ್ಲಿಂದ ಮೇಲಕ್ಕೆ ಜಿಗಿಯುವ ಶಕ್ತಿ ಮಾತ್ರ 69 ಗಂಟೆಯಾದರೂ ಪೂರ್ತಿ ಬಂದಿರಲೇ ಇಲ್ಲ.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ವೇಗ ಮೊದಲು ಬರುತ್ತದೆ, ಬಲ ಆಮೇಲೆ ಬರುತ್ತದೆ. ನೀವು ಮಾರನೇ ದಿನ ಮೈದಾನದಲ್ಲಿ ಒಂದು ಓಟ ಓಡಿ 'ನಾನು ಸರಿಯಾಗಿದ್ದೇನೆ ಸಾರ್' ಅನ್ನುತ್ತೀರಿ, ಕೋಚ್ ಸ್ಟಾಪ್‌ವಾಚ್ ನೋಡಿ ತಲೆಯಾಡಿಸುತ್ತಾರೆ, ಆದರೆ ಆ ವೇಗವನ್ನು ಹಿಡಿದು ನಿಲ್ಲಿಸಬೇಕಾದ ಹ್ಯಾಮ್‌ಸ್ಟ್ರಿಂಗ್ ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ಓಡುವಾಗ ಹರಿಯುವುದು ಅದೇ ಸ್ನಾಯು ಅಲ್ವಾ. ಅದಕ್ಕೇ ನನ್ನ ಲೆಕ್ಕ: ಪೂರ್ತಿ 90 ನಿಮಿಷ ಆಡಿದವರಿಗೆ ಮೂರು ದಿನ. ಅದಕ್ಕಿಂತ ಕಡಿಮೆಯಲ್ಲಿ ಮತ್ತೆ ಪಂದ್ಯ ಇದ್ದರೆ ಆಡಬಹುದು, ಎಲ್ಲರೂ ಆಡುತ್ತಾರೆ, ಆದರೆ ಸಾಲದ ಮೇಲೆ ಆಡುತ್ತಿದ್ದೀರಿ ಅಂತ ಗೊತ್ತಿರಲಿ.

ಪ್ರಶ್ನೆ: ನಾನು ಕೋಚ್. ಪಂದ್ಯದ ಮರುದಿನ ಹುಡುಗಿಯರಿಂದ ನಿಧಾನವಾಗಿ ಓಡಿಸುತ್ತೇನೆ, ಸೈಕಲ್ ತುಳಿಸುತ್ತೇನೆ, ಸ್ಟ್ರೆಚಿಂಗ್ ಮಾಡಿಸುತ್ತೇನೆ. ಈಗ ಐಸ್ ಬಾತ್ ಬೇಕೇ ಬೇಕು ಅಂತ ಕೆಲವರ ಹಟ. ಯಾವುದು ಕೆಲಸ ಮಾಡುತ್ತದೆ?

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ. ಮೇಲೆ ಹೇಳಿದ ಅಧ್ಯಯನದಲ್ಲೇ ಅರ್ಧದಷ್ಟು ಆಟಗಾರ್ತಿಯರಿಗೆ ಎರಡು ದಿನವೂ ಹಗುರ ಸೈಕಲ್ ಮತ್ತು ಹಗುರ ತೂಕದ ವ್ಯಾಯಾಮ ಕೊಟ್ಟಿದ್ದರು, ಉಳಿದವರು ಸುಮ್ಮನೆ ವಿಶ್ರಾಂತಿ ತೆಗೆದುಕೊಂಡರು. ಸ್ನಾಯುಗಳ ಚೇತರಿಕೆಯಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಹಗುರ ಓಟ ಕೆಟ್ಟದ್ದಲ್ಲ. ಮೈ ಸಡಿಲ ಅನ್ನಿಸುತ್ತದೆ, ತಂಡ ಒಂದು ಕಡೆ ಸೇರುತ್ತದೆ. ಆದರೆ ಅದಕ್ಕೋಸ್ಕರ ಬೆಳಿಗ್ಗೆ ಆರಕ್ಕೆ ಎಬ್ಬಿಸುತ್ತೀರಾದರೆ ಬೇಡ. ಮಲಗಲು ಬಿಡಿ.

ಸ್ಟ್ರೆಚಿಂಗ್‌ನಿಂದ ನೋವು ಕಡಿಮೆಯಾಗುವುದು ಲೆಕ್ಕಕ್ಕೆ ಬಾರದಷ್ಟು. ಮಸಾಜ್‌ನಿಂದ ನೋವು ಕಡಿಮೆ ಅನ್ನಿಸುತ್ತದೆ, ಬಲ ಬೇಗ ಬರುತ್ತದೆ ಅಂತ ಹೇಳಲಾಗದು. ತಣ್ಣೀರಿಗೆ ಒಂದಿಷ್ಟು ಬೆಲೆ ಇದೆ: 10ರಿಂದ 15 ಡಿಗ್ರಿ ನೀರಿನಲ್ಲಿ 10-15 ನಿಮಿಷ ಕೂತರೆ ಮಾರನೇ ದಿನದ ನೋವು ಇಳಿಯುತ್ತದೆ. ಐಸ್ ತುಂಡು ತೇಲಲೇಬೇಕು ಅಂತಿಲ್ಲ, ಹಲ್ಲು ಕಟಕಟ ಅನ್ನುವಷ್ಟು ತಣ್ಣಗೆ ಮಾಡುವುದು ವೀಡಿಯೊಗೆ ಮಾತ್ರ ಚೆನ್ನ. ಮೂರು ದಿನಕ್ಕೊಂದು ಪಂದ್ಯ ಇರುವ ಟೂರ್ನಿಯಲ್ಲಿ ಬಳಸಿ. ಸೀಸನ್ ಶುರುವಾಗುವ ಮುಂಚೆ, ಜಿಮ್‌ನಲ್ಲಿ ಬಲ ಬೆಳೆಸುವ ತಿಂಗಳುಗಳಲ್ಲಿ ಪ್ರತಿ ಸಲ ವ್ಯಾಯಾಮ ಮುಗಿಸಿ ತಣ್ಣೀರಿಗೆ ಇಳಿದರೆ ಸ್ನಾಯು ಬೆಳೆಯುವುದಕ್ಕೇ ಅಡ್ಡಿ. ಆಗ ಬೇಡ. ನೋವಿನ ಮಾತ್ರೆಯನ್ನು ಪ್ರತಿ ಪಂದ್ಯಕ್ಕೂ ಹಂಚುವ ಅಭ್ಯಾಸವಿದ್ದರೆ ಅದನ್ನು ಇವತ್ತೇ ನಿಲ್ಲಿಸಿ.

ನೀವು ಕೇಳದೇ ಇದ್ದರೂ ಒಂದು ಮಾತು. ಬೆಂಚ್‌ನಲ್ಲಿ ಕೂತು ಕೊನೆಯ ಹತ್ತು ನಿಮಿಷ ಆಡಿದವರನ್ನೂ ಮರುದಿನ ವಿಶ್ರಾಂತಿಗೆ ಕಳಿಸುತ್ತೀರಾ? ಅವರಿಗೆ ಬೇಕಾಗಿರುವುದು ಓಟ. ವಾರಗಟ್ಟಲೆ ಜೋರು ಓಟವೇ ಇಲ್ಲದೆ ಇದ್ದು, ಒಂದು ದಿನ ಏಕಾಏಕಿ ಪೂರ್ತಿ ಪಂದ್ಯ ಆಡಿಸಿದರೆ ಗಾಯವಾಗುವುದು ಅವರಿಗೇ.

ಪ್ರಶ್ನೆ: ಮೇಡಂ, ನನಗೆ 17 ವರ್ಷ. ಪಂದ್ಯ ಮುಗಿದ ಮೇಲೆ ಹಸಿವೇ ಆಗುವುದಿಲ್ಲ. ತೂಕ ಜಾಸ್ತಿಯಾದರೆ ವೇಗ ಹೋಗುತ್ತದೆ ಅಂತ ರಾತ್ರಿ ಅನ್ನವನ್ನೂ ಬಿಟ್ಟಿದ್ದೇನೆ. ಆದರೂ ವಾರವಿಡೀ ಸುಸ್ತು. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಜಾಸ್ತಿ ಆಡುವವರಿಗೆ ಇದು ಮಾಮೂಲಿ ಅಂತ ಟೀಮಿನ ಅಕ್ಕಂದಿರು ಹೇಳಿದರು.

ಉತ್ತರ: ಅಕ್ಕಂದಿರು ಪ್ರೀತಿಯಿಂದಲೇ ಹೇಳಿರಬಹುದು, ಆದರೆ ಅದು ತಪ್ಪು. ಮೂರು ತಿಂಗಳು ಮುಟ್ಟು ನಿಂತರೆ ಡಾಕ್ಟರ ಹತ್ತಿರ ಹೋಗಬೇಕು. ನಿನಗೆ ನಾಲ್ಕು ಆಗಿದೆ. ಈ ವಾರವೇ ಹೋಗು, ಅಮ್ಮನಿಗೋ ನಂಬಿಕೆಯ ದೊಡ್ಡವರಿಗೋ ಹೇಳಿ ಹೋಗು. ಬೇರೆ ಕಾರಣಗಳೂ ಇರಬಹುದು, ಅವರು ಪರೀಕ್ಷೆ ಮಾಡಿ ನೋಡುತ್ತಾರೆ.

ಆದರೆ ನಿನ್ನ ಪತ್ರ ಓದಿದರೆ ನನ್ನ ಮೊದಲ ಅನುಮಾನ ಊಟದ ಮೇಲೆ. ಆಟಕ್ಕೆ ಖರ್ಚಾದ ಶಕ್ತಿ ಕಳೆದು ಮಿಕ್ಕಿದ್ದರಲ್ಲಿ ದೇಹ ತನ್ನ ಉಳಿದ ಕೆಲಸಗಳನ್ನೆಲ್ಲ ನಡೆಸಬೇಕು. ಮೂಳೆ, ಹಾರ್ಮೋನು, ರೋಗ ತಡೆಯುವ ಶಕ್ತಿ, ಸ್ನಾಯುವಿನ ರಿಪೇರಿ ಎಲ್ಲವೂ. ಮಿಕ್ಕಿದ್ದು ತೀರಾ ಕಡಿಮೆಯಾದರೆ ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತದೆ. ಮೊದಲು ನಿಲ್ಲುವವುಗಳಲ್ಲಿ ಮುಟ್ಟು ಒಂದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಅಂತ ಹೆಸರು ಕೊಟ್ಟಿತು. ಹುಡುಗರಿಗೂ ಬರುತ್ತದೆ, ಹುಡುಗಿಯರಲ್ಲಿ ಹೊರಗೆ ಕಾಣುವ ಗುರುತು ಇದೆ, ಅಷ್ಟೇ. ಇದನ್ನು ಹಾಗೇ ಬಿಟ್ಟರೆ ಮೂಳೆ ಸಡಿಲವಾಗುತ್ತದೆ, ಸುಮ್ಮನೆ ಓಡುವಾಗಲೇ ಕಾಲಿನ ಮೂಳೆಯಲ್ಲಿ ಬಿರುಕು ಬೀಳಬಹುದು. ನಿನ್ನ ವಯಸ್ಸು ಮೂಳೆ ಗಟ್ಟಿಯಾಗುವ ವಯಸ್ಸು, ಈಗ ಕಳೆದುಕೊಂಡಿದ್ದು ಮುಂದೆ ಪೂರ್ತಿ ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಇನ್ನೊಂದು, ಮುಟ್ಟು ಬರಲಿ ಅಂತ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡರೆ ರಕ್ತ ಕಾಣಿಸುತ್ತದೆ, ಮೂಲ ತೊಂದರೆ ಒಳಗೇ ಇರುತ್ತದೆ.

ಈಗ ಅನ್ನದ ವಿಷಯ. ಜೋರು ಓಟಕ್ಕೆ ಇಂಧನ ಸ್ನಾಯುವಿನೊಳಗಿನ ಗ್ಲೈಕೋಜೆನ್. ಪಂದ್ಯ ಮುಗಿಯುವ ಹೊತ್ತಿಗೆ ಎಷ್ಟೋ ಎಳೆಗಳಲ್ಲಿ ಅದು ಬಹುತೇಕ ಖಾಲಿ. ಅದನ್ನು ತುಂಬಿಸುವುದು ಕಾರ್ಬೋಹೈಡ್ರೇಟ್, ನೀನು ಬಿಟ್ಟಿರುವುದು ಅದನ್ನೇ! ಮುಂದಿನ ಪಂದ್ಯ ಹತ್ತಿರದಲ್ಲಿದ್ದರೆ ಮೊದಲ ನಾಲ್ಕು ಗಂಟೆ, ಗಂಟೆಗೆ ದೇಹದ ಪ್ರತಿ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. 55 ಕಿಲೋ ಇದ್ದರೆ ಗಂಟೆಗೆ 55ರಿಂದ 66 ಗ್ರಾಂ. ಹಸಿವಾಗದಿದ್ದರೆ ಕುಡಿಯಲು ಶುರು ಮಾಡು. ಚಾಕೊಲೇಟ್ ಹಾಲು, ಜೊತೆಗೆ ಒಂದು ಬಾಳೆಹಣ್ಣು. ಹೊಟ್ಟೆ ಒಪ್ಪಿದ ಮೇಲೆ ಸರಿಯಾದ ಊಟ, ಅದರಲ್ಲಿ 20-25 ಗ್ರಾಂ ಪ್ರೋಟೀನ್. ಬೆವರಿನಲ್ಲಿ ಒಂದು ಕಿಲೋ ತೂಕ ಹೋಗಿದ್ದರೆ ಒಂದೂವರೆ ಲೀಟರ್ ನೀರು, ಸ್ವಲ್ಪ ಸ್ವಲ್ಪವಾಗಿ, ಉಪ್ಪಿನಂಶದ ಜೊತೆ.

ತೂಕ ಇಳಿಸಿ ವೇಗ ಗಳಿಸಿದವರನ್ನು ನೀನು ನೋಡಿರಬಹುದು. ವರ್ಷ ಬಿಟ್ಟು ಅವರಲ್ಲಿ ಎಷ್ಟು ಜನ ಇನ್ನೂ ಆಡುತ್ತಿದ್ದಾರೆ, ಅದನ್ನೂ ನೋಡು.

ಪ್ರಶ್ನೆ: ಮುಟ್ಟಿನ ದಿನಗಳಿಗೆ ತಕ್ಕಂತೆ ತರಬೇತಿ ಬದಲಾಯಿಸಬೇಕು ಅಂತ ಎಲ್ಲ ಕಡೆ ಓದುತ್ತಿದ್ದೇನೆ. ಆಪ್‌ಗಳೂ ಬಂದಿವೆ. ನಿಜಕ್ಕೂ ಅಷ್ಟು ವ್ಯತ್ಯಾಸ ಇದೆಯಾ?

ಉತ್ತರ: 2019ರ ವಿಶ್ವಕಪ್ ಗೆದ್ದ ಅಮೆರಿಕ ತಂಡ ಆಟಗಾರ್ತಿಯರ ಮುಟ್ಟಿನ ಲೆಕ್ಕ ಇಟ್ಟಿತ್ತು. 2020ರಲ್ಲಿ ಚೆಲ್ಸಿ ಮಹಿಳಾ ತಂಡವೂ ಅದಕ್ಕೆ ತಕ್ಕಂತೆ ತರಬೇತಿ ಹೊಂದಿಸುತ್ತಿರುವ ಸುದ್ದಿ ಬಂತು. ಆಮೇಲೆ ಎಲ್ಲರೂ ಶುರು ಮಾಡಿದರು. ಒಳ್ಳೆಯದೇ, ಮಾತಾದರೂ ಶುರುವಾಯಿತು. ಆದರೆ 2020ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಮುಟ್ಟು ಶುರುವಾದ ದಿನಗಳಲ್ಲಿ ಸಾಮರ್ಥ್ಯ ಇಳಿಯುವುದು ಸರಾಸರಿಯಲ್ಲಿ ಬಹಳ ಅಲ್ಪ ಅಂತ ಕಂಡಿತು. ಸರಾಸರಿ ಅಂದೆ. ಒಬ್ಬಳು ಏನೂ ಆಗದ ಹಾಗೆ ಆಡುತ್ತಾಳೆ, ಇನ್ನೊಬ್ಬಳಿಗೆ ಎದ್ದು ನಿಲ್ಲಲಾಗುವುದಿಲ್ಲ. ಅದಕ್ಕೆ, ಇಡೀ ತಂಡಕ್ಕೆ ಒಂದೇ ವೇಳಾಪಟ್ಟಿ ಕೊಡುವ ಆಪ್ ಮೇಲೆ ನನಗೆ ನಂಬಿಕೆ ಇಲ್ಲ. ಕೆಲವು ತಿಂಗಳು ನಿಮ್ಮದೇ ಡೈರಿ ಬರೆಯಿರಿ. ನಿದ್ದೆ, ನೋವು, ಸುಸ್ತು, ಮುಟ್ಟು. ನಿಮ್ಮ ಮಾದರಿ ಅದರಲ್ಲೇ ಕಾಣುತ್ತದೆ.

ರಕ್ತಸ್ರಾವ ಜಾಸ್ತಿ ಇದ್ದರೆ ಫೆರಿಟಿನ್, ಅಂದರೆ ದೇಹದಲ್ಲಿ ಕಬ್ಬಿಣ ಎಷ್ಟು ಉಳಿದಿದೆ ಅಂತ ತೋರಿಸುವ, ರಕ್ತಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಸರಿ ಇದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು, ಎಷ್ಟೋ 'ಫಿಟ್‌ನೆಸ್ ಸಾಲದು' ಅನ್ನುವ ಬೈಗುಳದ ಹಿಂದೆ ಇರುವುದು ಇದೇ. ಮಾತ್ರೆ ಬರೆದುಕೊಟ್ಟರೆ ಚಹಾ, ಕಾಫಿ ಜೊತೆ ನುಂಗಬೇಡಿ. ಅಂದಹಾಗೆ, ಮುಟ್ಟಿನ ಕಾರಣಕ್ಕೆ ಗೈರಾದ ವೃತ್ತಿಪರ ಆಟಗಾರ್ತಿಗೆ ಸಂಬಳ ಕಡಿಯಬಾರದು ಅಂತ ಫಿಫಾ 2024ರಲ್ಲಿ ನಿಯಮ ತಂದಿದೆ. ಇಂಗ್ಲೆಂಡ್ ತಂಡ 2023ರಲ್ಲಿ ಬಿಳಿ ಚಡ್ಡಿ ಬಿಟ್ಟು ನೀಲಿಗೆ ಹೋಗಿದ್ದೂ ಆಟಗಾರ್ತಿಯರು ಇದೇ ಮಾತು ಎತ್ತಿದ ಮೇಲೆ.

ಪ್ರಶ್ನೆ: ರಾತ್ರಿ ಪಂದ್ಯ ಆಡಿ ಬಂದರೆ ಮಗಳು ಎರಡು ಗಂಟೆಯಾದರೂ ಮಲಗುವುದಿಲ್ಲ. ಅಷ್ಟು ದಣಿದಿದ್ದರೂ ನಿದ್ದೆ ಯಾಕೆ ಬರುವುದಿಲ್ಲ?

ಉತ್ತರ: ಮೈ ಬಿಸಿ ಇಳಿದಿಲ್ಲ, ಅಡ್ರಿನಲಿನ್ ಇಳಿದಿಲ್ಲ, ತಲೆಯಲ್ಲಿ ಆಟ ಇನ್ನೂ ನಡೆಯುತ್ತಿದೆ. ಪಂದ್ಯಕ್ಕೆ ಮುಂಚೆ ಕೆಫೀನ್ ಇರುವ ಪಾನೀಯ ಕುಡಿಯುತ್ತಾಳಾ ಕೇಳಿ. ಕುಡಿದದ್ದರ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಊಟ ಕೊಡಿ, ಕೋಣೆ ಕತ್ತಲೆ ಮಾಡಿ, ಸೋತ ಪಂದ್ಯದ ವಿಮರ್ಶೆಯನ್ನು ಮನೆಯವರು ಯಾರೂ ಆ ಹೊತ್ತಿನಲ್ಲಿ ಮಾಡಬೇಡಿ. ಮುಖ್ಯವಾಗಿ ಬೆಳಿಗ್ಗೆ ಎಬ್ಬಿಸಬೇಡಿ, ಮಧ್ಯಾಹ್ನ ಒಂದು ಅರ್ಧ ಗಂಟೆ ಮಲಗಿದರೂ ಬೈಯಬೇಡಿ.

ಪ್ರಶ್ನೆ: ಮೂರು ದಿನ ಬೇಕು ಅಂತೀರಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದವರು ಹೆಚ್ಚುಕಡಿಮೆ ಒಂದೇ ತಂಡ ಆಡಿಸಿ ಚಿನ್ನ ಗೆದ್ದರಲ್ಲ?

ಉತ್ತರ: ಗೆದ್ದರು, ನಿಜ. 2024ರ ಜುಲೈ 25ರಿಂದ ಆಗಸ್ಟ್ 10ರವರೆಗೆ ಆರು ಪಂದ್ಯ. ಆಗಸ್ಟ್ 3ರಂದು ಜಪಾನ್ ಮೇಲೆ, 6ರಂದು ಜರ್ಮನಿ ಮೇಲೆ, ಎರಡೂ ಹೆಚ್ಚುವರಿ ಸಮಯಕ್ಕೆ ಹೋದವು, ಅಂದರೆ 120 ನಿಮಿಷ. ಎರಡೂ 1-0. ಫೈನಲ್‌ನಲ್ಲಿ ಬ್ರೆಜಿಲ್ ಮೇಲೂ 1-0. ಕೋಚ್ ಎಮ್ಮಾ ಹೇಯ್ಸ್ ತಂಡ ಬದಲಾಯಿಸುತ್ತಿಲ್ಲ ಅಂತ ಆಗಲೇ ಟೀಕೆ ಬಂದಿತ್ತು. ಆದರೆ ಎದುರಿಗಿದ್ದವರೂ ದಣಿದಿದ್ದರು ಅನ್ನುವುದನ್ನು ಮರೆಯಬೇಡಿ. ಒಲಿಂಪಿಕ್ಸ್ ತಂಡದಲ್ಲಿ 18 ಜನ, ವಿಶ್ವಕಪ್‌ನಲ್ಲಿ 23. ಕಡಿಮೆ ಜನ, ಕಡಿಮೆ ದಿನ, ಎಲ್ಲರಿಗೂ ಒಂದೇ ಕಷ್ಟ. ಅದರಲ್ಲಿ ಕಡಿಮೆ ಕುಸಿದವರು ಗೆದ್ದರು. ಆ ವೇಳಾಪಟ್ಟಿ ಸರಿ ಅನ್ನುವುದಕ್ಕೆ ಇದು ಸಾಕ್ಷಿಯಲ್ಲ.

ನಿಮ್ಮ ತಂಡಕ್ಕೆ ಇಂಥ ವಾರ ಬಂದರೆ ಐದು ಬದಲಿ ಆಟಗಾರ್ತಿಯರ ಅವಕಾಶವನ್ನು 85ನೇ ನಿಮಿಷಕ್ಕೆ ಉಳಿಸಿಕೊಂಡು ಕೂರಬೇಡಿ. ಎರಡು ಗೋಲು ಮುಂದಿದ್ದರೆ 60ನೇ ನಿಮಿಷಕ್ಕೇ ಇಬ್ಬರನ್ನು ಹೊರಗೆ ಕರೆಯಿರಿ, ಅದರಲ್ಲೂ ಜಾಸ್ತಿ ಸ್ಪ್ರಿಂಟ್ ಮಾಡುವ ವಿಂಗರ್ ಮತ್ತು ಫುಲ್‌ಬ್ಯಾಕ್‌ಗಳನ್ನು. ಮುಖ ಸಿಂಡರಿಸಿಕೊಂಡು ಬರುತ್ತಾರೆ, ಬರಲಿ.