ತ್ರಿಕೋನ ರೂಲರ್ ಇದ್ದಮೇಲೆ 7/8 ಯಾಕೆ?

ಕ್ವಿಲ್ಟ್‌ಗೆ (ಬಟ್ಟೆ ತುಂಡು ಜೋಡಿಸಿ ಮಾಡುವ ಹೊದಿಕೆ) ಹೊಲಿದ ತ್ರಿಕೋನದ ಬ್ಲಾಕ್‌ಗಳು ಅಳತೆಗಿಂತ ದೊಡ್ಡದಾಗುತ್ತಿವೆ ಅಂದಿದ್ದೀರಿ. ಹೊಲಿಗೆ ಬಿಚ್ಚಬೇಡಿ, ತಪ್ಪು ಹೊಲಿಗೆಯದ್ದಲ್ಲ. ಎಲ್ಲ ಜೋಡಿಸಿದ ಮೇಲೆ 2 ಇಂಚು ಬರಬೇಕಾದ ಎಚ್‌ಎಸ್‌ಟಿಗೆ (ಹಾಫ್-ಸ್ಕ್ವೇರ್ ಟ್ರಯಾಂಗಲ್, ಎರಡು ತ್ರಿಕೋನ ಸೇರಿಸಿದ ಚೌಕ) 2-7/8 ಇಂಚಿನ ಸ್ಟ್ರಿಪ್ ಕತ್ತರಿಸಿ, ಅದರ ಮೇಲೆ ಈಸಿ ಆ್ಯಂಗಲ್ ಅನ್ನೋ ತ್ರಿಕೋನ ರೂಲರ್ ಇಟ್ಟಿದ್ದೀರಿ. ಬ್ಲಾಕ್ ದೊಡ್ಡದಾಗದೆ ಇನ್ನೇನಾಗುತ್ತದೆ? ಈ ತಪ್ಪಿಗೆ ಹೊಲಿಗೆ ಮೆಷಿನ್ ಬೈಸಿಕೊಳ್ಳುವುದನ್ನು ನೋಡಿ ನೋಡಿ ಸಾಕಾಗಿದೆ. ನಿಮ್ಮ ಪ್ರಶ್ನೆಗೆ ಯಾರೋ ಜೋಡಿಸುವಾಗ ಸೀಮ್ (ಹೊಲಿಗೆಗೆ ಬಿಡುವ ಅಂಚು) ಜಾಸ್ತಿ ತಗೊಳ್ಳಿ ಅಂದಿದ್ದಾರೆ. ದಯವಿಟ್ಟು ಬೇಡ. ತ್ರಿಕೋನದ ಅಳತೆ ಕೂಡುವಷ್ಟರಲ್ಲಿ ಪಕ್ಕದ ಚೌಕಗಳು ಕುಗ್ಗಿರುತ್ತವೆ.

7/8 ಸೇರಿಸುವುದು ಚೌಕ ಕತ್ತರಿಸಿ ಕರ್ಣದಲ್ಲಿ ಸೀಳುವವರಿಗೆ. ಎರಡು ಕಡೆಯ ಕಾಲಿಂಚು ಸೇರಿ ಅರ್ಧ ಇಂಚು, ಉಳಿದ 3/8 ಆ ಚೂಪು ತುದಿಗೆ. ನಿಮ್ಮ ರೂಲರ್‌ನ ತುದಿ ಕಪ್ಪಗಿದೆಯಲ್ಲ, ಅದೇ ಆ 3/8. ಅದು ಬಟ್ಟೆಯಾಚೆ ಇರಬೇಕು. ಅಂದರೆ ತುದಿಯ ಲೆಕ್ಕ ರೂಲರ್ ನೋಡಿಕೊಳ್ಳುತ್ತದೆ, ನೀವು ಬರೀ ಅರ್ಧ ಇಂಚು ಸೇರಿಸಿದರೆ ಸಾಕು. 2 ಇಂಚಿಗೆ 2-1/2 ಸ್ಟ್ರಿಪ್, 3 ಇಂಚಿಗೆ 3-1/2. ಎರಡೂ ಲೆಕ್ಕ ಸೇರಿಸಿದರೆ ಪ್ರತಿ ಯೂನಿಟ್ 3/8 ಜಾಸ್ತಿ. ಸಾಲಿಗೆ ನಾಲ್ಕು ಇದ್ದರೆ ಒಂದೂವರೆ ಇಂಚು.

ಈಗಾಗಲೇ ಕತ್ತರಿಸಿದ್ದನ್ನು ಎಸೆಯಬೇಡಿ. ಹೊಲಿದು, ಪ್ರೆಸ್ ಮಾಡಿ, 2-1/2ಕ್ಕೆ ಟ್ರಿಮ್ ಮಾಡಿ, ಪಕ್ಕದ ತುಂಡುಗಳಿಗೆ ಜೋಡಿಸಿದಾಗ ಅದು 2 ಆಗುತ್ತದೆ. 45 ಡಿಗ್ರಿ ಗೆರೆ ಸೀಮ್ ಮೇಲೆಯೇ ಕೂರಬೇಕು, ನಾಲ್ಕೂ ಬದಿ ತೆಗೆಯಬೇಕು. ಎರಡೇ ಬದಿ ತೆಗೆದರೆ ಕರ್ಣ ಮೂಲೆ ಬಿಟ್ಟು ಜರುಗುವ ಸಾಧ್ಯತೆ ಜಾಸ್ತಿ. ಬ್ಲಾಕ್ ಲಾಕ್ ರೂಲರ್ ಇದ್ದರೆ ಈ ಕೆಲಸ ಸುಲಭ. ಅದರ ಅಡಿಯಲ್ಲಿರುವ ತೋಡು ಸೀಮ್‌ನ ಉಬ್ಬಿಗೆ ಸಿಕ್ಕಿಕೊಳ್ಳುತ್ತದೆ, ಜಾರುವುದಿಲ್ಲ. ಆದರೆ ಸೀಮ್ ಒಂದೇ ಕಡೆಗೆ ಮಲಗಿರಬೇಕು. ಎರಡೂ ಕಡೆ ಬಿಡಿಸಿ ಪ್ರೆಸ್ ಮಾಡುವವರಿಗೆ ಅದು ದಂಡ.

ಮುಂದಿನ ಸಲಕ್ಕೆ ನಾನು ಮಾಡುವ ರೀತಿ ಹೇಳುತ್ತೇನೆ. ತಿಳಿ ಬಣ್ಣದ್ದೊಂದು, ಗಾಢ ಬಣ್ಣದ್ದೊಂದು ಸ್ಟ್ರಿಪ್ ತಗೊಂಡು ಸೀದಾ ಬದಿಗಳು ಮುಖಾಮುಖಿಯಾಗುವಂತೆ ಒಂದರ ಮೇಲೊಂದು ಇಟ್ಟು ಇಸ್ತ್ರಿ ಒತ್ತಿ. ಎರಡೂ ಅಂಟಿಕೊಂಡ ಹಾಗೆ ಕೂರುತ್ತವೆ. ಅಂಚಿನ ಬಿಗಿ ನೇಯ್ಗೆ ತೆಗೆದು ತುದಿಯನ್ನು ಚೌಕ ಮಾಡಿಕೊಳ್ಳಿ. ರೂಲರ್‌ನ ನೇರ ಬದಿ ಆ ಅಂಚಿಗೆ, 2-1/2 ಗೆರೆ ಸ್ಟ್ರಿಪ್‌ನ ಕೆಳ ಅಂಚಿಗೆ, ಕಪ್ಪು ತುದಿ ಮೇಲಂಚಿನ ಆಚೆ. ಓರೆಯಾಗಿ ಕತ್ತರಿಸಿ. ಆಮೇಲೆ ರೂಲರ್ ತಿರುಗಿಸಿ, ಓರೆ ಬದಿಯನ್ನು ಈಗಷ್ಟೇ ಕತ್ತರಿಸಿದ ಅಂಚಿಗೆ ಕೂರಿಸಿ. ಈ ಸಲ ಕಪ್ಪು ತುದಿ ಕೆಳಗೆ ಹೊರಬರಬೇಕು. ಎಲ್ಲರೂ ಎಡವುವುದು ಇಲ್ಲೇ, ಕಣ್ಣು ಗೆರೆ ನೋಡುತ್ತಿರುತ್ತದೆ, ತುದಿ ಬಟ್ಟೆಯೊಳಗೇ ಉಳಿದಿರುತ್ತದೆ. ಒಂದೊಂದು ಎಳೆ ತಪ್ಪಿದರೂ ಮುಂದೆ ಹೋದಂತೆ ಅದು ಬೆಳೆಯುತ್ತದೆ. ಹಾಗಾಗಿ ನಾಲ್ಕೈದು ಕಟ್‌ಗೊಮ್ಮೆ ನೇರ ಅಂಚನ್ನು ಮತ್ತೆ ಚೌಕ ಮಾಡಿ. ಸ್ವಲ್ಪ ಬಟ್ಟೆ ಹೋದರೆ ಹೋಗಲಿ.

ಕತ್ತರಿಸಿದ ತ್ರಿಕೋನಗಳನ್ನು ಬಿಡಿಸಬೇಡಿ. ಆಗಲೇ ಜೋಡಿಯಾಗಿವೆ, ಹಾಗೇ ಮೆಷಿನ್‌ಗೆ ಕೊಡಿ. ಮೊಂಡು ತುದಿಯಿಂದ ಶುರು ಮಾಡಿ. ಚೂಪು ತುದಿ ಕೊಟ್ಟರೆ ಸೂಜಿಯ ತೂತು ಅದನ್ನು ಒಳಗೆ ಎಳೆದುಕೊಂಡು ಅಗಿಯುತ್ತದೆ. ಸೀಮ್ ಕಾಲಿಂಚಿಗಿಂತ ಒಂದೆಳೆ ಕಮ್ಮಿ ಇರಲಿ, ಮಡಿಕೆಗೂ ಸ್ವಲ್ಪ ಬಟ್ಟೆ ಬೇಕಲ್ವಾ. ಮೊದಲು ಒಂದೇ ಜೋಡಿ ಹೊಲಿದು ಅಳೆಯಿರಿ. 2-1/2 ಬಂದಮೇಲೆ ಉಳಿದ ರಾಶಿಗೆ ಕೈಹಾಕಿ. ಪ್ರೆಸ್ ಅಂದರೆ ಇಸ್ತ್ರಿ ಎತ್ತಿ ಇಡುವುದು, ಉಜ್ಜುವುದಲ್ಲ. ಓರೆ ಸೀಮ್ ಮೇಲೆ ಉಜ್ಜಿದರೆ ಚೌಕ ಸೊಟ್ಟಗಾಗುತ್ತದೆ, ಆಮೇಲೆ ರೂಲರ್ ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ಸ್ಟಾರ್ಚ್ ಹಾಕುವುದಿದ್ದರೆ ಕತ್ತರಿಸುವ ಮುಂಚೆ ಹಾಕಿ ಪೂರ್ತಿ ಒಣಗಿಸಿ. ಕತ್ತರಿಸಿದ ಮೇಲೆ ಬಯಾಸ್ ಅಂಚಿಗೆ (ನೇಯ್ಗೆಗೆ ಓರೆಯಾಗಿ ಕತ್ತರಿಸಿದ, ಬೇಗ ಹಿಗ್ಗುವ ಅಂಚು) ನೀರು ತಾಗಿಸುವುದು ಬೇಡ.

ಬ್ರ್ಯಾಂಡ್ ಬಗ್ಗೆ ಕೇಳಿದ್ದೀರಿ. ಗಾಢ ಬಟ್ಟೆಗೆ ಓಮ್ನಿಗ್ರಿಡ್‌ನ ಹಳದಿ ಗೆರೆ ಚೆನ್ನಾಗಿ ಕಾಣುತ್ತದೆ. ಕ್ರಿಯೇಟಿವ್ ಗ್ರಿಡ್ಸ್‌ನದ್ದು ಜಾರುವುದು ಕಮ್ಮಿ, ಬೇರೆಯದಕ್ಕೆ ಅಡಿಯಲ್ಲಿ ಸ್ಯಾಂಡ್‌ಪೇಪರ್ ಚುಕ್ಕಿ ಅಂಟಿಸಿಕೊಳ್ಳಿ. ನನಗೆ ಯಾವುದಾದರೂ ಸರಿ, ಆದರೆ ಒಂದು ಪ್ರಾಜೆಕ್ಟ್‌ಗೆ ಒಂದೇ ಕಂಪನಿಯ ರೂಲರ್ ಬಳಸಿ. ಗೆರೆಯ ದಪ್ಪವೇ ಬೇರೆ ಬೇರೆ ಇರುತ್ತದೆ. ಇನ್ನೊಂದು, ಕೆಲವು ರೂಲರ್ ಮೇಲೆ ಸ್ಟ್ರಿಪ್ ಅಗಲ ಬರೆದಿರುತ್ತಾರೆ, ಕೆಲವದರಲ್ಲಿ ಫಿನಿಶ್ಡ್ ಅಳತೆ, ಅಂದರೆ ಎಲ್ಲ ಜೋಡಿಸಿದ ಮೇಲೆ ಉಳಿಯುವ ಅಳತೆ. ಜೊತೆಗೆ ಬಂದ ಕಾಗದ ಓದದೆ ಕತ್ತರಿಸುವವರಿಗೆ ನಾನೇನೂ ಹೇಳಲಾರೆ. ಬ್ಲೇಡ್ ಮೊಂಡಾಗಿದ್ದರೆ ಮಾತ್ರ ಯಾವ ರೂಲರ್ ಇದ್ದರೂ ಅಷ್ಟೇ, ಒತ್ತಿ ಒತ್ತಿ ಜರುಗಿಸುತ್ತೀರಿ.

ಫ್ಲೈಯಿಂಗ್ ಗೀಸ್ (ಮಧ್ಯೆ ದೊಡ್ಡ ತ್ರಿಕೋನ, ಎರಡು ಪಕ್ಕ ಚಿಕ್ಕ ತ್ರಿಕೋನ ಇರುವ ಆಯತದ ಬ್ಲಾಕ್) ಮಾಡುವ ಆಸೆ ಇದೆ ಅಂದಿರಲ್ಲ, ಮಧ್ಯದ ದೊಡ್ಡ ತ್ರಿಕೋನಕ್ಕೆ ಇದೇ ರೂಲರ್ ಹಾಕಬೇಡಿ. ಇದರಲ್ಲಿ ಉದ್ದ ಬದಿ ಬಯಾಸ್ ಆಗುತ್ತದೆ, ಬ್ಲಾಕ್‌ನ ಹೊರ ಅಂಚು ಅಲೆಅಲೆಯಾಗಿ ಏಳುತ್ತದೆ. ಕಂಪ್ಯಾನಿಯನ್ ಆ್ಯಂಗಲ್ ಅನ್ನೋ ಇನ್ನೊಂದು ರೂಲರ್‌ನಲ್ಲಿ ಉದ್ದ ಬದಿ ಗ್ರೇನ್ (ಬಟ್ಟೆಯ ನೇರ ಎಳೆ) ಮೇಲೆ ಬರುತ್ತದೆ. 2 ಇಂಟು 4 ಗೀಸ್‌ಗೆ ಎರಡು ರೂಲರ್‌ಗೂ ಅದೇ 2-1/2 ಸ್ಟ್ರಿಪ್ ಸಾಕು. ಆ ರೂಲರ್ ಇಲ್ಲವಾದರೆ 5-1/4 ಚೌಕವನ್ನು ಎರಡು ಕರ್ಣದಲ್ಲೂ ಸೀಳಿ, ನಾಲ್ಕು ಸಿಗುತ್ತವೆ.

ಟ್ರೈ-ರೆಕ್ಸ್ (ಚೌಕದ ಮಧ್ಯದ ಎತ್ತರದ ತ್ರಿಕೋನಕ್ಕೊಂದು, ಅದರ ಪಕ್ಕದ ತೆಳು ತ್ರಿಕೋನಗಳಿಗೊಂದು, ಹೀಗೆ ಎರಡು ರೂಲರ್‌ಗಳ ಜೋಡಿ) ತಗೊಂಡರೆ ರೆಕ್ಸ್ ಅನ್ನೋ ಪಕ್ಕದ ತುಂಡುಗಳಿಗೆ ಸ್ಟ್ರಿಪ್ ಮಡಚಿಯೇ ಕತ್ತರಿಸಿ, ಎಡ ಬಲ ಜೋಡಿ ಸಿಗುತ್ತದೆ. ಬಿಡಿಸಿಟ್ಟು ಕತ್ತರಿಸಿದರೆ ಎಲ್ಲ ಒಂದೇ ಕಡೆಗೆ ವಾಲಿರುತ್ತವೆ. 60 ಡಿಗ್ರಿ ರೂಲರ್‌ಗೂ ತುದಿಯನ್ನೇ ಮೊದಲು ನೋಡಿ. ತುದಿ ಮೊಂಡಾಗಿದ್ದರೆ ಫಿನಿಶ್ಡ್ ಎತ್ತರಕ್ಕೆ ಅರ್ಧ ಇಂಚು ಸೇರಿಸಿ, ಚೂಪಾಗಿದ್ದರೆ ಮುಕ್ಕಾಲು. ನಿಮ್ಮ ಹತ್ತಿರ ಯಾವುದಿದೆ ಅಂತ ಗೊತ್ತಾಗದಿದ್ದರೆ ತುದಿಯ ಫೋಟೋ ಹಾಕಿ, ಹೇಳುತ್ತೇನೆ.