ಸೋಲೋ ಸ್ಕೇಲ್ ಅಭ್ಯಾಸದಂತೆ ಕೇಳುತ್ತಿದ್ದರೆ
ಜಾಝ್ ಪಿಯಾನೋದಲ್ಲಿ ಟೂ-ಫೈವ್-ಒನ್ (ಸ್ಕೇಲಿನ ಎರಡನೇ, ಐದನೇ, ಒಂದನೇ ಸ್ವರಗಳ ಮೇಲೆ ಕಟ್ಟಿದ ಮೂರು ಕಾರ್ಡ್‌ಗಳ ಸರಣಿ) ಮೇಲೆ ಏನು ನುಡಿಸಿದರೂ ಸ್ಕೇಲ್ ಅಭ್ಯಾಸದಂತೆ, ಅಂದರೆ ಸ್ವರಗಳನ್ನು ಸುಮ್ಮನೆ ಏರಿಳಿಸಿದಂತೆ, ಕೇಳುತ್ತದೆ ಎಂದಿದ್ದೀರಿ. ಬಹುಶಃ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾದದ್ದು ನಿಮ್ಮ ಬಲಗೈಗೆ ಗೊತ್ತಾಗುತ್ತಿಲ್ಲ. ಸ್ವಿಂಗ್ (ಜಾಝ್‌ನ ಓಲಾಡುವ ಲಯ) ಸರಿಯಿಲ್ಲದಿದ್ದರೂ ಹೀಗಾಗಬಹುದು, ಕೇಳದೆ ಖಚಿತವಾಗಿ ಹೇಳಲಾರೆ.

ಮೊದಲು ಸ್ಕೇಲ್ ಬಿಡಿ. ಎಡಗೈಯಲ್ಲಿ ಡಿ ಮೈನರ್ 7, ಜಿ 7, ಸಿ ಮೇಜರ್ 7 ಹಿಡಿಯಿರಿ, ತಾಳ ಕೊಡುವ ಮೆಟ್ರೊನೋಮ್ ನಿಮಿಷಕ್ಕೆ 60 ಬೀಟಿಗೆ ಇಟ್ಟು. ಬಲಗೈಯಲ್ಲಿ ಪ್ರತಿ ಕಾರ್ಡಿನ ಮೂಲ ಸ್ವರದಿಂದ ಎಣಿಸಿ ಮೂರನೇ, ಏಳನೇ ಸ್ವರ ಮಾತ್ರ. ಡಿ ಮೈನರ್‌ನಲ್ಲಿದ್ದ ‘ಸಿ’, ಜಿ 7 ಬಂದಾಗ ಅರ್ಧ ಹೆಜ್ಜೆ, ಅಂದರೆ ಪಕ್ಕದ ಕೀಗೆ, ಇಳಿದು ‘ಬಿ’ ಆಗುತ್ತದೆ. ಜಿ 7ರ ‘ಎಫ್’ ಹಾಗೆಯೇ ‘ಇ’ಗೆ ಇಳಿಯುತ್ತದೆ. ಕಾರ್ಡ್ ತಿರುಗಿದ್ದು ಕಿವಿಗೆ ತಿಳಿಯುವುದೇ ಇಲ್ಲಿ. ಬೇಸರದ ಕೆಲಸ ನಿಜ, ಆದರೂ ಒಂದು ವಾರ ಇಷ್ಟೇ ಮಾಡಿ.

ಆಮೇಲೆ ಈ ಸ್ವರಗಳು ಹೊಸ ಕಾರ್ಡಿನ ಮೊದಲ ಬೀಟಿಗೆ ಬೀಳುವಂತೆ ನಡುವೆ ಬೇರೆ ಸ್ವರ ತುಂಬಿ. ಎರಡು ಬಾರ್ (ತಾಳದ ಆವರ್ತ) ನುಡಿಸಿ, ಎರಡು ಬಾರ್ ಸುಮ್ನಿರಿ. ಆ ಸುಮ್ನಿದ್ದಾಗ ಮುಂದಿನ ಸಾಲನ್ನು ಬಾಯಲ್ಲಿ ಗುನುಗಿ, ಆಮೇಲೆ ನುಡಿಸಿ.